ಮನೆಯಲ್ಲಿ ಉಮ್ಮ, ಶಾಲೆಯಲ್ಲಿ ಟೀಚರ್

ಜೂನ್ ಬಂತೆಂದರೆ ನಮ್ಮ ಕಡೆಯ ಸರಕಾರಿ ಶಾಲೆಗಳ ಮುಖ್ಯ ಶಿಕ್ಷಕರಿಗೆ ಒಂದೇ ಚಿಂತೆ. ಮಕ್ಕಳು ಬಂದಾಯಿತು, ಮಳೆಯೂ ಬಂತು, ಪಾಠ ಮಾಡುವವರು ಎಲ್ಲಿ? ಒಬ್ಬರು ವರ್ಗವಾಗಿ ಹೋಗಿರುತ್ತಾರೆ, ಇನ್ನೊಬ್ಬರು ನಿವೃತ್ತರಾಗಿರುತ್ತಾರೆ. ಆ ಜಾಗಕ್ಕೆ ಖಾಯಂ ಶಿಕ್ಷಕರು ಬರುವವರೆಗೆ ಕ್ಲಾಸು ನಡೆಯಬೇಕಲ್ಲ, ಅದಕ್ಕೆ ಇಲಾಖೆ ಮಾಡಿಕೊಂಡ ದಾರಿಯೇ ಅತಿಥಿ ಶಿಕ್ಷಕರು. ಅದೂ ಸಿಗದ ಕಡೆ ಎಸ್‌ಡಿಎಂಸಿಯವರು, ಹಳೆ ವಿದ್ಯಾರ್ಥಿಗಳು ಹಣ ಒಟ್ಟು ಮಾಡಿ ‘ಗೌರವ ಶಿಕ್ಷಕಿ’ ಎಂದು ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಹೆಸರು ಏನೇ ಇರಲಿ, ಕೂರುವುದು ಬೇರೆಯವರ ಕುರ್ಚಿಯಲ್ಲಿ, ಹೊರುವುದು ಪೂರ್ತಿ ಜವಾಬ್ದಾರಿ.

ಈ ಕುರ್ಚಿಗೆ ಈಗ ನಮ್ಮ ಬ್ಯಾರಿ ಮನೆಗಳ ತಾಯಂದಿರೂ ಬಂದು ಕೂರುತ್ತಿದ್ದಾರೆ. ಪಿಯುಸಿ ಮುಗಿಸಿ, ಡಿ.ಎಡ್. ಮಾಡಿ, ಕೈಗೆ ಸರ್ಟಿಫಿಕೇಟ್ ಬರುವ ಹೊತ್ತಿಗೆ ನಿಕಾಹ್ ಆಗಿ, ಮತ್ತೆ ಹತ್ತು ಹನ್ನೆರಡು ವರ್ಷ ಆ ಸರ್ಟಿಫಿಕೇಟ್ ಕಪಾಟಿನಲ್ಲೇ ಉಳಿದವರು ಪ್ರತಿ ಮಹಲ್ಲ್‌ನಲ್ಲೂ ಇದ್ದಾರೆ. ನಮ್ಮ ಮದ್ರಸಕ್ಕೆ ಬರುವ ಇಬ್ಬರು ಮಕ್ಕಳ ಉಮ್ಮ ಅಂಥವರಲ್ಲಿ ಒಬ್ಬರು. ಯಜಮಾನರು ದಮ್ಮಾಮಿನಲ್ಲಿ. ಮಗಳು ಆರನೇ ತರಗತಿ, ಮಗ ಎರಡನೇ ತರಗತಿ. ಮಕ್ಕಳು ಕಲಿಯುವ ಶಾಲೆಯಲ್ಲೇ ಈ ವರ್ಷ ಜಾಗ ಖಾಲಿಯಾಯಿತು. ಮುಖ್ಯ ಶಿಕ್ಷಕಿ ಕರೆದು, “ನೀವು ಡಿ.ಎಡ್. ಮಾಡಿದವರಲ್ವಾ, ಅರ್ಜಿ ಕೊಡಿ” ಅಂದರಂತೆ. “ಹೆಸರು ಹಾಕುವುದು ಬೇಡ ಉಸ್ತಾದ್, ಉಳಿದದ್ದೆಲ್ಲ ಬರೆಯಿರಿ” ಎಂದು ಅವರು ಹೇಳಿದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಅರ್ಜಿ ಕೊಡುವುದು ದೊಡ್ಡ ಕೆಲಸವಲ್ಲ. ಎಸೆಸೆಲ್ಸಿ, ಪಿಯುಸಿ, ಡಿ.ಎಡ್. ಅಂಕಪಟ್ಟಿ, ಟಿಇಟಿ ಆಗಿದ್ದರೆ ಅದರ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ. ಒಂದಕ್ಕಿಂತ ಹೆಚ್ಚು ಅರ್ಜಿ ಬಂದರೆ ಅಂಕ ನೋಡುತ್ತಾರೆ, ಟಿಇಟಿ ಆದವರಿಗೆ ಆದ್ಯತೆ. ಕಷ್ಟ ಇದ್ದದ್ದು ಮನೆಯೊಳಗೆ. ಮಾಮಿಯ ಪ್ರಶ್ನೆ ನೇರವಾಗಿತ್ತು: “ಮಗ ಅಲ್ಲಿಂದ ಕಳಿಸುವುದು ಸಾಲುವುದಿಲ್ಲವಾ?” ನೆರೆಮನೆಯವರು ಬಾಯಿಬಿಟ್ಟು ಕೇಳದಿದ್ದರೂ ಅವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಇಂಥ ಮಾತು ಬಂದಾಗ ನಾನು ಶಿಫಾ ಬಿಂತ್ ಅಬ್ದುಲ್ಲಾ (ರ) ಅವರನ್ನು ನೆನಪಿಸುತ್ತೇನೆ. ಪ್ರವಾದಿಯವರ (ಸ) ಪತ್ನಿ ಹಫ್ಸಾ (ರ) ಅವರಿಗೆ ಬರವಣಿಗೆ ಕಲಿಸಿದ ಮಹಿಳೆ ಅವರು. ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಅದರ ಉಲ್ಲೇಖ ಉಂಟು. ಕಲಿತವಳು ಕಲಿಸುವುದು ನಮ್ಮಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯಲ್ಲ.

ಅವರಿಗೆ ಸಿಕ್ಕಿದ್ದು ನಲಿ ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು ಕಲಿಯುವ ಪದ್ಧತಿ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಗೋಡೆಯಲ್ಲಿ ಕಲಿಕಾ ಏಣಿ, ಮೇಲೆ ದಾರಕ್ಕೆ ಮಕ್ಕಳ ಚಿತ್ರ ಕಟ್ಟುವ ಚಪ್ಪರ. ಪ್ರತಿ ಮಗುವೂ ಏಣಿಯ ಬೇರೆ ಬೇರೆ ಮೆಟ್ಟಿಲಿನಲ್ಲಿ ಇರುತ್ತದೆ. “ಡಿ.ಎಡ್.ನಲ್ಲಿ ಓದಿದ್ದೆ. ಆದರೆ 32 ಮಕ್ಕಳು ಒಟ್ಟಿಗೆ ‘ಟೀಚರ್, ಟೀಚರ್’ ಅಂತ ಸೆರಗು ಎಳೆಯುವಾಗ ಓದಿದ್ದು ಒಂದೂ ನೆನಪಿಗೆ ಬರಲಿಲ್ಲ” ಅನ್ನುತ್ತಾರೆ. ಮೊದಲ ವಾರ ಗಂಟಲು ಹೋಯಿತಂತೆ. ಎರಡನೇ ವಾರದಿಂದ ಸ್ವರ ತಗ್ಗಿಸಿದ ಮೇಲೆ ಮಕ್ಕಳೂ ತಗ್ಗಿಸಿದರಂತೆ. ಇದು ಮದ್ರಸದಲ್ಲೂ ನಿಜವೇ, ನಮ್ಮಲ್ಲಿ ಕೆಲವು ಉಸ್ತಾದರಿಗೆ ಅದು ಇನ್ನೂ ಗೊತ್ತಾಗಿಲ್ಲ ಅಷ್ಟೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಆ ಕೋಣೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾರಿ ಮನೆಯವರು. ಒಂದನೇ ತರಗತಿಗೆ ಬರುವಾಗ ಅವರ ಕಿವಿಗೆ ಕನ್ನಡ ಬಿದ್ದಿರುವುದು ಟಿವಿಯಿಂದ, ಅಂಗಡಿಯಿಂದ. ಮನೆಯ ಮಾತೇ ಬೇರೆ. ಘಟ್ಟದ ಮೇಲಿನಿಂದ ಬಂದ ಒಳ್ಳೆಯ ಶಿಕ್ಷಕರಿಗೂ ಮೊದಮೊದಲು ಈ ಮಕ್ಕಳ ಮೌನ ಅರ್ಥವಾಗುವುದಿಲ್ಲ, ದಡ್ಡರು ಅಂದುಕೊಳ್ಳುತ್ತಾರೆ. ನಮ್ಮ ಬ್ಯಾರಿ ನಾಲಗೆಗೆ ‘ಳ’ ಮತ್ತು ‘ಣ’ ಒಗ್ಗುವುದಿಲ್ಲ, ಅವು ‘ಲ’, ‘ನ’ ಆಗಿಬಿಡುತ್ತವೆ. ಒಂದು ಮಗು ‘ನಮ್ಮ ಹಳ್ಳಿ’ ಎಂದು ಬರೆಯುವ ಕಡೆ ‘ನಮ್ಮ ಹಲ್ಲಿ’ ಎಂದು ಬರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದರು. ಇವರು ಏನು ಮಾಡಿದರು ಗೊತ್ತಾ? ಬೋರ್ಡಿನಲ್ಲಿ ಒಂದು ಕಡೆ ಮನೆ, ಮರ, ತೋಡು ಬಿಡಿಸಿದರು. ಇನ್ನೊಂದು ಕಡೆ ಗೋಡೆಯ ಮೇಲಿನ ಹಲ್ಲಿ. “ನೀನು ಇರುವುದು ಯಾವುದರಲ್ಲಿ?” ಎಂದು ಬ್ಯಾರಿಯಲ್ಲೇ ಕೇಳಿದರು. ಕೋಣೆಗೆ ಕೋಣೆಯೇ ನಕ್ಕಿತು, ಬರೆದ ಮಗುವೂ ನಕ್ಕಿತು. ಆಮೇಲೆ ನಾಲಗೆ ಮೇಲಕ್ಕೆ ಮಡಚಿ ‘ಳ’ ಹೇಳಿಸಿದರು. ಬಾಳೆಹಣ್ಣು ಎಂಬ ಒಂದೇ ಪದದಲ್ಲಿ ಎರಡೂ ಅಕ್ಷರ ಉಂಟಲ್ಲ, ಒಂದು ವಾರ ಅದೇ ಆಟ.

ತಾವೂ ಸಣ್ಣದಿರುವಾಗ ಹಾಗೇ ಬರೆದು ಪೆಟ್ಟು ತಿಂದದ್ದು ನೆನಪಿದೆ ಎಂದರು. ಮನೆಯ ಮಾತು ಬಲ್ಲ ಶಿಕ್ಷಕಿ ಒಂದನೇ ತರಗತಿಯಲ್ಲಿ ಇದ್ದರೆ ಮಗುವಿಗೆ ಎಷ್ಟು ದೊಡ್ಡ ಉಪಕಾರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾ? ತುಳು, ಕೊಂಕಣಿ ಮನೆಯ ಮಕ್ಕಳಿಗೂ ಇದೇ ಮಾತು ಅನ್ವಯ.

ಸ್ವಂತ ಮಗನ ಕಥೆ ಬೇರೆ. ಎರಡನೇ ತರಗತಿಯ ಅವನು ಇರುವುದೂ ಅದೇ ಕೋಣೆಯಲ್ಲಿ. ಮೊದಲ ದಿನ “ಉಮ್ಮಾ” ಎಂದು ಕರೆದು ಎಲ್ಲರ ಎದುರು ನಾಚಿಕೊಂಡ. ಗೇಟಿನ ಒಳಗೆ ಟೀಚರ್, ಗೇಟಿನ ಹೊರಗೆ ಉಮ್ಮ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಅವನ ಬರಹ ತಿದ್ದುವುದನ್ನು ಕೊನೆಗೆ ಇಡುತ್ತಾರೆ, ಮೆಚ್ಚುಗೆ ಕೊಡುವಾಗ ಕೈ ಬಿಗಿ ಹಿಡಿಯುತ್ತಾರೆ. ಒಂದು ಸಂಜೆ ಅವನು ಮನೆಯಲ್ಲಿ, “ನೀವು ಎಲ್ಲರಿಗೂ ಭೇಷ್ ಹೇಳ್ತೀರಿ, ನನಗೆ ಮಾತ್ರ ಇಲ್ಲ” ಎಂದು ಅತ್ತನಂತೆ. ಉಸ್ತಾದರ ಮಕ್ಕಳಿಗೆ ಇದು ಹೊಸತಲ್ಲ. ರಿಯಾಯಿತಿ ಇಲ್ಲ, ಬೈಗುಳ ಮಾತ್ರ ಡಬಲ್. ಆದರೆ ಆ ಮಗು ಹೇಳಿದ್ದರಲ್ಲಿ ನ್ಯಾಯ ಉಂಟು. ಬೇರೆಯವರು ಏನಾದರೂ ಹೇಳುತ್ತಾರೆಂದು ಸ್ವಂತ ಮಗುವಿಗೆ ಅನ್ಯಾಯ ಮಾಡುವುದೂ ಅನ್ಯಾಯವೇ.

ಹಣದ ಮಾತಿಗೆ ಬರೋಣ, ಅದನ್ನು ಮುಚ್ಚಿಡುವುದು ಯಾಕೆ? 2025-26ರ ಬಜೆಟ್‌ನಲ್ಲಿ 2,000 ರೂ. ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000 ರೂ. ಬೇಸಿಗೆ ರಜೆಗೆ ಸಂಬಳ ಇಲ್ಲ. ಪಿಎಫ್, ಪಿಂಚಣಿ ಎಂಬ ಮಾತೂ ಇಲ್ಲ. ಖಾಯಂ ಶಿಕ್ಷಕರು ವರ್ಗವಾಗಿ ಬಂದ ದಿನವೇ ಕೆಲಸ ಮುಗಿಯಿತು. ಹಣವೂ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಎಂದು ಹೇಳಲಾಗುವುದಿಲ್ಲ, ಕೆಲವೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಆದ್ದರಿಂದ ಈ ಹಣವನ್ನು ನಂಬಿ ಸಾಲದ ಕಂತು, ಚಿನ್ನದ ಚೀಟಿ ಎಂದು ಯಾರೂ ಹಾಕಿಕೊಳ್ಳಬೇಡಿ. ಇವರು ಮೊದಲ ಸಲ ಬಂದ ಹಣದಲ್ಲಿ ಮಾಮಿಗೆ ಕನ್ನಡಕ ಮಾಡಿಸಿದರು, ಉಳಿದದ್ದನ್ನು ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಟ್ಟರು. ಕನ್ನಡಕ ಬಂದ ಮೇಲೆ ಮಾಮಿಯ ಪ್ರಶ್ನೆ ನಿಂತಿದೆ. ಈಗ ಬೆಳಿಗ್ಗೆ ಮಕ್ಕಳು ಮದ್ರಸ ಮುಗಿಸಿ ಬರುವ ಹೊತ್ತಿಗೆ ಪತ್ತಿರ್ ಚುಡುವುದು ಅವರೇ.

ಇಷ್ಟು ಸಣ್ಣ ಹಣಕ್ಕೆ, ಇಷ್ಟು ಅನಿಶ್ಚಿತ ಕೆಲಸಕ್ಕೆ ಹೋಗಬೇಕಾ ಎಂದು ಕೇಳಿದರೆ, ಹೋಗಬೇಕು ಎನ್ನುತ್ತೇನೆ. ಆದರೆ ಅಲ್ಲೇ ಕೂತುಬಿಡಬಾರದು. ಹತ್ತು ಹದಿನೈದು ವರ್ಷ ಪ್ರತಿ ಜೂನ್‌ನಲ್ಲಿ ಹೊಸ ಅರ್ಜಿ ಕೊಟ್ಟು ಅತಿಥಿಯಾಗಿಯೇ ವಯಸ್ಸಾದವರು ರಾಜ್ಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಖಾಯಂ ಆಗುವ ಬಾಗಿಲು ಬೇರೆ, ಅದರ ಮೊದಲ ಬೀಗ ಟಿಇಟಿ. 150 ಅಂಕ, 1ರಿಂದ 5ನೇ ತರಗತಿಗೆ ಒಂದು ಪತ್ರಿಕೆ, 6ರಿಂದ 8ಕ್ಕೆ ಇನ್ನೊಂದು. ನಾವು 2ಬಿ ಪ್ರವರ್ಗದವರಿಗೆ ಪಾಸಾಗಲು ಶೇ. 60, ಅಂದರೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲು ಈ ಪ್ರಮಾಣಪತ್ರಕ್ಕೆ 7 ವರ್ಷದ ಅವಧಿ ಇತ್ತು, 2021ರಿಂದ ಅದು ಜೀವನಪೂರ್ತಿ ನಡೆಯುತ್ತದೆ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಕಿರಿಯ ತರಗತಿಗಳಿಗೆ ಬಿ.ಎಡ್. ಅರ್ಹತೆಯಲ್ಲ, ಡಿ.ಎಡ್. ಮಾದರಿಯ ಡಿಪ್ಲೊಮಾವೇ ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಕಪಾಟಿನಲ್ಲಿ ಧೂಳು ಹಿಡಿದ ಆ ಸರ್ಟಿಫಿಕೇಟಿಗೆ ಬೆಲೆ ಹೆಚ್ಚಿದೆ. ಡಿಗ್ರಿ ಇಲ್ಲದವರು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಲ್ಲೇ ಕೂತು ಬಿ.ಎ. ಮಾಡಿಕೊಂಡರೆ 6ರಿಂದ 8ರ ಪತ್ರಿಕೆಯನ್ನೂ ಬರೆಯಬಹುದು. ಜಮಾಅತ್ ಕಮಿಟಿಯವರು ಒಂದು ಕೆಲಸ ಮಾಡಲಿ: ಮಹಲ್ಲ್‌ನಲ್ಲಿ ಡಿ.ಎಡ್. ಆದ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಪಟ್ಟಿ ಮಾಡಿ, ಸಂಜೆ ಎರಡು ಗಂಟೆ ಮದ್ರಸದ ಒಂದು ಕೋಣೆ ಅವರಿಗೆ ಓದಲು ಬಿಟ್ಟುಕೊಡಲಿ. ಕರೆಂಟ್ ಬಿಲ್ ಬಿಟ್ಟರೆ ಬೇರೆ ಖರ್ಚಿಲ್ಲ.

ನಾನು ಹೇಳಿದ ಈ ಉಮ್ಮನಿಗೆ ಗಣಿತದ ಭಯ. ಆರನೇ ತರಗತಿಯ ಮಗಳ ಜೊತೆ ಕೂತು ಭಿನ್ನರಾಶಿ ಮಾಡುತ್ತಾರೆ, ಮಗಳೇ ಅವರಿಗೆ ಟೀಚರ್. ಅರ್ಧ ವರ್ಷ ಕಳೆದರೆ ಖಾಯಂ ಶಿಕ್ಷಕರು ಬರಬಹುದು ಎಂಬ ಸುದ್ದಿ ಶಾಲೆಯಲ್ಲಿ ಉಂಟಂತೆ. ಬಂದರೆ ಬೇಸರವಾಗುವುದಿಲ್ಲವಾ ಎಂದು ಕೇಳಿದೆ. “ಆಗದೆ ಇರುತ್ತದಾ ಉಸ್ತಾದ್? ಆದರೆ ಬರುವವರಿಗೆ ಕಷ್ಟ ಆಗಬಾರದು” ಎಂದು ಒಂದು ನೂರು ಪೇಜಿನ ಪುಸ್ತಕ ತೋರಿಸಿದರು. ಒಂದೊಂದು ಮಗುವಿಗೆ ಎರಡೆರಡು ಪುಟ. ಯಾವ ಮಗು ಏಣಿಯ ಯಾವ ಮೆಟ್ಟಿಲಿನಲ್ಲಿ ಉಂಟು, ಯಾರಿಗೆ ಹಿಂದೆ ಕೂತರೆ ಬೋರ್ಡು ಕಾಣುವುದಿಲ್ಲ, ಯಾರ ಮನೆಯಲ್ಲಿ ಬೆಳಿಗ್ಗೆ ತಿಂಡಿ ಆಗುವುದಿಲ್ಲ, ಯಾರಿಗೆ ಇನ್ನೂ ‘ಳ’ ಬರುವುದಿಲ್ಲ, ಎಲ್ಲ ಅದರಲ್ಲಿ ಬರೆದಿಟ್ಟಿದ್ದರು. ಮಗನ ಪುಟದಲ್ಲಿ, ಎಲ್ಲಕ್ಕಿಂತ ಕೆಳಗೆ, “ಇವನಿಗೆ ಆಗಾಗ ಭೇಷ್ ಹೇಳಬೇಕು” ಎಂದಿತ್ತು.