ಸೆಲ್ಫ್ ಹೊಡೆಯುವ ಮುನ್ನ

ತೋಟದ ಮನೆಯ ಕೊಟ್ಟಿಗೆಯಲ್ಲೋ ಹಳೆ ಬಡಾವಣೆಯ ಶೆಡ್ಡಿನಲ್ಲೋ ತಾಡಪಾಲು ಹೊದ್ದು ನಿಂತ ಅಂಬಾಸಿಡರ್ ಕಾರುಗಳು ನಮ್ಮಲ್ಲಿ ಇನ್ನೂ ಇವೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇವನ್ನು ತಯಾರಿಸುವುದನ್ನು ನಿಲ್ಲಿಸಿದ್ದು 2014ರಲ್ಲಿ. ಅಂಥ ಕಾರು ಕೈಗೆ ಬಂದೊಡನೆ ಎಲ್ಲರಿಗೂ ಒಂದೇ ಆತುರ: ಹೊಸ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವುದು. ವರ್ಷಗಟ್ಟಲೆ ನಿಂತರೂ ಉಳಿದುಕೊಂಡಿದ್ದ ಎಂಜಿನ್ ಆ ಒಂದು ಗಳಿಗೆಯಲ್ಲಿ ಕೆಟ್ಟುಹೋಗಬಹುದು.

ಬಹುಕಾಲ ಈ ಕಾರಿನಲ್ಲಿದ್ದದ್ದು ಬ್ರಿಟನ್ನಿನ ಬಿಎಂಸಿ ಬಿ-ಸರಣಿಯ 1489 ಸಿಸಿ ಪೆಟ್ರೋಲ್ ಎಂಜಿನ್. ಬ್ಲಾಕೂ ಹೆಡ್ಡೂ ಬೀಡುಕಬ್ಬಿಣದವು. ನಾಲ್ಕು ಸಿಲಿಂಡರುಗಳ ಎಂಜಿನ್ ಎಲ್ಲಿಯೇ ನಿಲ್ಲಲಿ, ಯಾವುದಾದರೊಂದು ವಾಲ್ವ್ ತೆರೆದೇ ಇರುತ್ತದೆ. ಮಳೆಗಾಲದ ತೇವ ಅಲ್ಲಿಂದ ಒಳಹೊಕ್ಕು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸುತ್ತದೆ, ಪಿಸ್ಟನ್ ರಿಂಗುಗಳು ಆ ತುಕ್ಕಿಗೆ ಕಚ್ಚಿಕೊಳ್ಳುತ್ತವೆ. ಬೇರಿಂಗುಗಳ ನಡುವಿನ ಎಣ್ಣೆ ಬಸಿದು ಎಂಜಿನ್ನಿನ ತಳದ ಸಂಪ್‌ಗೆ ಇಳಿದಿರುತ್ತದೆ. ಈ ಸ್ಥಿತಿಯಲ್ಲಿ ಸ್ಟಾರ್ಟರ್ ಮೋಟರಿನ ಬಲ ಬಿದ್ದರೆ ರಿಂಗು ಮುರಿಯಬಹುದು, ಅಂಟಿಕೊಂಡ ವಾಲ್ವನ್ನು ತಳ್ಳಲು ಹೋಗಿ ಪುಶ್‌ರಾಡ್ ಬಾಗಬಹುದು.

ನುರಿತ ಮೇಸ್ತ್ರಿ ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚುತ್ತಾನೆ. ಆ ತೂತುಗಳಲ್ಲಿ ಒಂದೆರಡು ಚಮಚ ತೆಳುವಾದ ಎಣ್ಣೆ ಬಿಟ್ಟು ಕೆಲವು ದಿನ ಕಾಯುತ್ತಾನೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಅಸಿಟೋನ್ ಬೆರೆಸಿ ಹಾಕುವವರೂ ಉಂಟು. ಇಡೀ ಕೆಲಸದಲ್ಲಿ ಕಷ್ಟದ್ದೂ ಮುಖ್ಯವಾದದ್ದೂ ಈ ಕಾಯುವಿಕೆಯೇ. ಆಮೇಲೆ ಮುಂದಿನ ಬಂಪರಿನ ಬಳಿಯಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಬೇಕು. ಪ್ಲಗ್ ಇಲ್ಲದ್ದರಿಂದ ಒಳಗೆ ಗಾಳಿಯ ಒತ್ತಡವಿಲ್ಲ. ಸರಿಯಿರುವ ಎಂಜಿನ್ ಸಲೀಸಾಗಿ ತಿರುಗುತ್ತದೆ. ತಿರುಗದಿದ್ದರೆ ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಹ್ಯಾಂಡಲಿಗೆ ಉದ್ದದ ಪೈಪು ಸಿಕ್ಕಿಸಿ ಬಲ ಹಾಕುವುದು ಮಾತ್ರ ಕೂಡದು.

ತಿರುಗಿತೆಂದರೆ ಹಳೆಯ ಎಣ್ಣೆ ಬಸಿಯುವ ಸರದಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ ಎಂದೇ ಅರ್ಥ. ಹೆಡ್ ಗ್ಯಾಸ್ಕೆಟ್ ನೋಡದೆ ಮುಂದುವರಿಯಬಾರದು. ಹೊಸ ಎಣ್ಣೆ, ಫಿಲ್ಟರ್ ಹಾಕಿ, ಮೇಲಿನ ಮುಚ್ಚಳ ತೆಗೆದು ಎಂಟೂ ವಾಲ್ವುಗಳು ಏರಿಳಿಯುವುದನ್ನು ಕಣ್ಣಾರೆ ಕಂಡ ನಂತರವೇ ಸೆಲ್ಫ್. ಅದೂ ಪ್ಲಗ್ ಇಲ್ಲದೆ, ಎಣ್ಣೆಯ ಒತ್ತಡ ಏರಿತೆಂದು ಖಾತ್ರಿಯಾಗುವವರೆಗೆ, ನಡುನಡುವೆ ಮೋಟರಿಗೆ ಬಿಡುವು ಕೊಟ್ಟು.

ಉಳಿದದ್ದು ಕಿಡಿ ಮತ್ತು ಪೆಟ್ರೋಲ್. ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳಿಗೆ ಕಿಲುಬು ಹಿಡಿದಿರುತ್ತದೆ; ಉಜ್ಜಿ, ಸುಮಾರು 0.4 ಮಿಲಿಮೀಟರ್ ಸಂದು ಬಿಡಬೇಕು. ಟ್ಯಾಂಕಿನ ಹಳೆ ಪೆಟ್ರೋಲ್ ವಾರ್ನಿಶಿನಂತೆ ನಾರುತ್ತಿರುತ್ತದೆ, ಅದರ ಅಂಟು ಕಾರ್ಬೊರೇಟರಿನ ಜೆಟ್ಟನ್ನು ಮುಚ್ಚಿರುತ್ತದೆ. ಆದ್ದರಿಂದ ಮೊದಲ ಸಲ ಬೇರೆ ಕ್ಯಾನಿನಿಂದ ಪೆಟ್ರೋಲ್ ಕೊಡುವುದು ಒಳ್ಳೆಯದು. ಎಂಜಿನ್ ಹತ್ತಿಕೊಂಡಾಗ ಏಳುವ ದಟ್ಟ ಹೊಗೆಗೆ ಹೆದರಬೇಕಿಲ್ಲ. ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಡುತ್ತಿರುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಬದಲಿಸಿ. ಬ್ರೇಕ್ ಸಿಲಿಂಡರಿನ ರಬ್ಬರುಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ. ಅವನ್ನು ಬದಲಿಸುವವರೆಗೆ ಕಾರು ಅಂಗಳ ದಾಟದಿರಲಿ.