ವಯಾಕ್ಸ್ ಔಷಧದ ಹಿಂಪಡೆತ

ವಯಾಕ್ಸ್ ಎಂಬುದು ಅಮೆರಿಕದ ಮರ್ಕ್ ಕಂಪನಿಯು ರೋಫೆಕಾಕ್ಸಿಬ್ ಎಂಬ ನೋವುನಿವಾರಕ ಔಷಧವನ್ನು ಮಾರಾಟ ಮಾಡುತ್ತಿದ್ದ ವಾಣಿಜ್ಯ ಹೆಸರು. ಇದನ್ನು ದೀರ್ಘಕಾಲ ಸೇವಿಸುವವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ದೃಢಪಟ್ಟ ಕಾರಣ, 2004ರ ಸೆಪ್ಟೆಂಬರ್ 30ರಂದು ಕಂಪನಿಯು ಇದನ್ನು ವಿಶ್ವದಾದ್ಯಂತ ಮಾರುಕಟ್ಟೆಯಿಂದ ಹಿಂಪಡೆಯಿತು. ಔಷಧ ಸುರಕ್ಷತೆಯ ಇತಿಹಾಸದ ಅತಿ ದೊಡ್ಡ ಹಿಂಪಡೆತಗಳಲ್ಲಿ ಇದೂ ಒಂದು. ಇದರ ನಂತರ ನಡೆದ ಮೊಕದ್ದಮೆಗಳು, ಔಷಧದಿಂದ ಹಾನಿಗೊಳಗಾದ ಗ್ರಾಹಕರಿಗೆ ಪರಿಹಾರ ದೊರಕುವ ಬಗೆಗೂ ಅದರ ಮಿತಿಗಳಿಗೂ ನಿದರ್ಶನವಾಗಿವೆ.

ಹಿನ್ನೆಲೆ

ದೇಹದಲ್ಲಿ ಕಾಕ್ಸ್-1 ಮತ್ತು ಕಾಕ್ಸ್-2 ಎಂಬ ಎರಡು ಕಿಣ್ವಗಳಿವೆ. ಮೊದಲನೆಯದು ಜಠರದ ಒಳಪದರವನ್ನು ಕಾಪಾಡುತ್ತದೆ. ಎರಡನೆಯದು ಉರಿಯೂತ ಮತ್ತು ನೋವಿಗೆ ಕಾರಣವಾಗುತ್ತದೆ. ಹಳೆಯ ನೋವುನಿವಾರಕಗಳು ಎರಡನ್ನೂ ತಡೆಯುವುದರಿಂದ ಜಠರದಲ್ಲಿ ಹುಣ್ಣು ಮತ್ತು ರಕ್ತಸ್ರಾವ ಉಂಟಾಗುವ ಸಂಭವವಿತ್ತು. ಕಾಕ್ಸ್-2 ಕಿಣ್ವವನ್ನು ಮಾತ್ರ ತಡೆಯುವ ಔಷಧವಾಗಿ ವಯಾಕ್ಸ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರ ಮೇ ತಿಂಗಳಲ್ಲಿ ಅನುಮೋದನೆ ನೀಡಿತು. ಸಂಧಿವಾತದ ರೋಗಿಗಳಲ್ಲಿ ಇದು ಶೀಘ್ರವಾಗಿ ಜನಪ್ರಿಯವಾಯಿತು. 2003ರಲ್ಲಿ ಇದರ ಮಾರಾಟ ಸುಮಾರು 250 ಕೋಟಿ ಡಾಲರ್ ಆಗಿತ್ತು.

ಅಪಾಯದ ಸೂಚನೆಗಳು

ಸುಮಾರು 8,000 ರೋಗಿಗಳನ್ನು ಒಳಗೊಂಡ ‘ವಿಗರ್’ ಅಧ್ಯಯನವು 2000ದಲ್ಲಿ ಪ್ರಕಟವಾಯಿತು. ನ್ಯಾಪ್ರಾಕ್ಸೆನ್ ಎಂಬ ಹಳೆಯ ಔಷಧಕ್ಕೆ ಹೋಲಿಸಿದರೆ ವಯಾಕ್ಸ್ ಸೇವಿಸಿದವರಲ್ಲಿ ಜಠರದ ತೊಂದರೆಗಳು ಕಡಿಮೆಯಾಗಿದ್ದವು. ಆದರೆ ಹೃದಯಾಘಾತಗಳು ಹೆಚ್ಚಾಗಿದ್ದವು. ನ್ಯಾಪ್ರಾಕ್ಸೆನ್ ಹೃದಯವನ್ನು ರಕ್ಷಿಸಿರಬಹುದು, ಆದ್ದರಿಂದ ಈ ವ್ಯತ್ಯಾಸ ಕಂಡುಬಂದಿದೆ ಎಂದು ಕಂಪನಿಯು ವಿವರಿಸಿತು. ಕಾಕ್ಸ್-2 ತಡೆಯಲ್ಪಟ್ಟಾಗ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೋಸ್ಟಾಸೈಕ್ಲಿನ್ ಕಡಿಮೆಯಾಗಿ, ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಮೇಲುಗೈ ಪಡೆಯುತ್ತದೆ ಎಂಬುದು ವಿಜ್ಞಾನಿಗಳು ನೀಡಿದ ಇನ್ನೊಂದು ವಿವರಣೆ. ಹೃದಯ ಸಂಬಂಧಿ ಮಾಹಿತಿಯು ಔಷಧದ ಅಧಿಕೃತ ವಿವರಪತ್ರಕ್ಕೆ ಸೇರಿದ್ದು 2002ರ ಏಪ್ರಿಲ್‌ನಲ್ಲಿ.

ಕರುಳಿನ ಗಂಟುಗಳನ್ನು ತಡೆಯಲು ಈ ಔಷಧ ನೆರವಾಗುವುದೇ ಎಂದು ಪರೀಕ್ಷಿಸುತ್ತಿದ್ದ ‘ಅಪ್ರೂವ್’ ಎಂಬ ಅಧ್ಯಯನದಲ್ಲಿ ಹೋಲಿಕೆಗೆ ಔಷಧಾಂಶವಿಲ್ಲದ ಮಾತ್ರೆಯನ್ನು ಬಳಸಲಾಗಿತ್ತು. ಆದ್ದರಿಂದ ನ್ಯಾಪ್ರಾಕ್ಸೆನ್ ಕುರಿತ ವಾದ ಇಲ್ಲಿ ಅನ್ವಯಿಸುತ್ತಿರಲಿಲ್ಲ. ವಯಾಕ್ಸ್ ಪಡೆದವರಲ್ಲಿ ಅಪಾಯವು ಸುಮಾರು ಎರಡು ಪಟ್ಟಾಗಿರುವುದು ಕಂಡುಬಂದು ಅಧ್ಯಯನವನ್ನು ನಿಲ್ಲಿಸಲಾಯಿತು. ಕಂಪನಿಯು ಸ್ವಯಂಪ್ರೇರಿತವಾಗಿ ಔಷಧವನ್ನು ಹಿಂಪಡೆಯಿತು. 2004ರ ನವೆಂಬರ್‌ನಲ್ಲಿ ಔಷಧ ಆಡಳಿತದ ವಿಜ್ಞಾನಿ ಡೇವಿಡ್ ಗ್ರಹಾಂ ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದು, ತಮ್ಮ ಸಂಸ್ಥೆಯೇ ಜನರನ್ನು ರಕ್ಷಿಸುವಲ್ಲಿ ವಿಫಲವಾಯಿತೆಂದು ಟೀಕಿಸಿದರು.

ಮೊಕದ್ದಮೆಗಳು ಮತ್ತು ಪರಿಹಾರ

ಹಿಂಪಡೆತದ ನಂತರ ಅಮೆರಿಕದಲ್ಲಿ ಸಾವಿರಾರು ಮೊಕದ್ದಮೆಗಳು ದಾಖಲಾದವು. ಅಪಾಯದ ಅರಿವಿದ್ದೂ ಕಂಪನಿಯು ಸಾಕಷ್ಟು ಎಚ್ಚರಿಕೆ ನೀಡಲಿಲ್ಲ ಎಂಬುದು ಫಿರ್ಯಾದಿಗಳ ಮುಖ್ಯ ವಾದವಾಗಿತ್ತು. ಹೃದಯಾಘಾತವು ವಯಸ್ಸು, ಧೂಮಪಾನ, ರಕ್ತದೊತ್ತಡ ಮುಂತಾದ ಕಾರಣಗಳಿಂದಲೂ ಬರುವುದರಿಂದ, ಒಬ್ಬ ನಿರ್ದಿಷ್ಟ ವ್ಯಕ್ತಿಯ ವಿಷಯದಲ್ಲಿ ಔಷಧವೇ ಕಾರಣವೆಂದು ಸಾಬೀತುಪಡಿಸುವುದು ಕಷ್ಟವಾಗಿತ್ತು. 2005ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಜ್ಯೂರಿಯು ಮೃತನ ಪತ್ನಿಗೆ 25.3 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ತೀರ್ಪು 2008ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ವಿಚಾರಣೆಗೆ ಬಂದ ಪ್ರಕರಣಗಳಲ್ಲಿ ಹೆಚ್ಚಿನವನ್ನು ಕಂಪನಿಯೇ ಗೆದ್ದಿತು.

2007ರ ನವೆಂಬರ್‌ನಲ್ಲಿ ಕಂಪನಿಯು ತಪ್ಪನ್ನು ಒಪ್ಪಿಕೊಳ್ಳದೆ 485 ಕೋಟಿ ಡಾಲರ್‌ಗಳ ರಾಜಿ ಒಪ್ಪಂದಕ್ಕೆ ಬಂದಿತು. ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ವೈದ್ಯಕೀಯ ದಾಖಲೆ, ಕನಿಷ್ಠ 30 ಮಾತ್ರೆ ಪಡೆದಿದ್ದಕ್ಕೆ ಪುರಾವೆ, ಮತ್ತು ಘಟನೆಗೆ ಮುಂಚಿನ 14 ದಿನಗಳೊಳಗೆ ಔಷಧ ಬಳಸಿದ್ದಕ್ಕೆ ಆಧಾರ ಇವು ಮುಖ್ಯ ಷರತ್ತುಗಳಾಗಿದ್ದವು. ಹೀಗಾಗಿ ಔಷಧಚೀಟಿ ಮತ್ತು ಆಸ್ಪತ್ರೆಯ ದಾಖಲೆಗಳನ್ನು ಕಾಯ್ದಿರಿಸಿಕೊಂಡಿರುವುದು ನಿರ್ಣಾಯಕವಾಯಿತು. ಇಂತಹ ಪ್ರಕರಣಗಳಲ್ಲಿ ವಕೀಲರು ಮುಂಗಡ ಶುಲ್ಕದ ಬದಲು ಪರಿಹಾರದ ಒಂದು ಪಾಲನ್ನು ಪಡೆಯುವುದು ಅಮೆರಿಕದ ರೂಢಿ. ಇಲ್ಲಿ ನ್ಯಾಯಾಲಯವು ಆ ಪಾಲಿಗೆ ಶೇ. 32ರ ಮಿತಿ ಹಾಕಿತು. ಅನುಮೋದನೆಯಿಲ್ಲದ ಬಳಕೆಗಾಗಿ ಔಷಧವನ್ನು ಪ್ರಚಾರ ಮಾಡಿದ್ದೂ ಸೇರಿದಂತೆ ಇತರ ಆರೋಪಗಳ ಇತ್ಯರ್ಥಕ್ಕಾಗಿ 2011ರಲ್ಲಿ ಕಂಪನಿಯು ಸರ್ಕಾರಕ್ಕೆ 95 ಕೋಟಿ ಡಾಲರ್ ನೀಡಲು ಒಪ್ಪಿತು.

ಆಸ್ಟ್ರೇಲಿಯಾದಲ್ಲಿ 2010ರಲ್ಲಿ ಒಬ್ಬ ಫಿರ್ಯಾದಿಯ ಪರವಾಗಿ ಬಂದ ತೀರ್ಪನ್ನು 2011ರಲ್ಲಿ ಪೂರ್ಣ ಪೀಠವು ತಳ್ಳಿಹಾಕಿತು.

ಭಾರತದಲ್ಲಿ

ಭಾರತದಲ್ಲಿ ರೋಫೆಕಾಕ್ಸಿಬ್ ಅನ್ನು ಹಲವು ದೇಶೀ ಕಂಪನಿಗಳು ಬೇರೆ ಬೇರೆ ಹೆಸರುಗಳಲ್ಲಿ ಮಾರುತ್ತಿದ್ದವು. ಆದ್ದರಿಂದ ಮರ್ಕ್‌ನ ಹಿಂಪಡೆತ ಮಾತ್ರದಿಂದ ಅದು ಇಲ್ಲಿನ ಅಂಗಡಿಗಳಿಂದ ಮರೆಯಾಗುವಂತಿರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯಡಿ ಇದನ್ನು ನಿಷೇಧಿಸಿತು.

ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನು ಒಳಗೊಂಡಿದೆ. ದೋಷಯುಕ್ತ ಉತ್ಪನ್ನದಿಂದ ಅಥವಾ ಸೂಕ್ತ ಎಚ್ಚರಿಕೆ ನೀಡದಿದ್ದುದರಿಂದ ಹಾನಿಯಾದಲ್ಲಿ ಗ್ರಾಹಕರು ಗ್ರಾಹಕ ಆಯೋಗದಲ್ಲಿ ಪರಿಹಾರ ಕೋರಬಹುದು. ಸಾಮಾನ್ಯವಾಗಿ ದೂರು ನೀಡಲು ಎರಡು ವರ್ಷಗಳ ಕಾಲಮಿತಿಯಿದೆ. ಔಷಧದ ಅಡ್ಡಪರಿಣಾಮಗಳನ್ನು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ವರದಿ ಮಾಡಬಹುದು.

ಪರಿಣಾಮ

ಈ ಪ್ರಕರಣದ ಬಳಿಕ, 2007ರಲ್ಲಿ ಅಮೆರಿಕದ ಕಾಂಗ್ರೆಸ್ ಹೊಸ ಕಾಯಿದೆಯನ್ನು ಅಂಗೀಕರಿಸಿ, ಅನುಮೋದನೆಯ ನಂತರವೂ ಸುರಕ್ಷತಾ ಅಧ್ಯಯನ ನಡೆಸುವಂತೆ ಮತ್ತು ಎಚ್ಚರಿಕೆಯ ವಿವರಗಳನ್ನು ಬದಲಿಸುವಂತೆ ಕಂಪನಿಗಳಿಗೆ ಆದೇಶಿಸುವ ಅಧಿಕಾರವನ್ನು ಔಷಧ ಆಡಳಿತಕ್ಕೆ ನೀಡಿತು.