ಸೋಸುವ ಮಣ್ಣು: ಪ್ರಯೋಗಶಾಲೆಯದು ಬೇರೆ, ಕಣಜದ್ದು ಬೇರೆ

ಕಬ್ಬಿನ ಹಾಲನ್ನು ಬಟ್ಟೆಯಲ್ಲಿ ಸೋಸಿದವರಿಗೆಲ್ಲ ತಿಳಿದ ಸಂಗತಿಯೊಂದುಂಟು. ಮೊದಲು ರಸವು ಸರಾಗವಾಗಿ ಇಳಿಯುವುದು. ಸ್ವಲ್ಪ ಹೊತ್ತಿನಲ್ಲಿಯೇ ನವುರಾದ ಕಸವೂ ಲೋಳೆಯೂ ಬಟ್ಟೆಯ ಕಣ್ಣುಗಳನ್ನು ಮುಚ್ಚಿ, ಹನಿಹನಿಯಾಗಿ ತೊಟ್ಟಿಕ್ಕತೊಡಗುವುದು. ಒತ್ತಿ ಹಿಂಡಿದರೆ ಲೋಳೆಯು ಮತ್ತಷ್ಟು ಬಿಗಿಯುವುದೇ ಹೊರತು ದಾರಿ ಬಿಡದು. ಪ್ರಯೋಗಶಾಲೆಯಲ್ಲಿ ಸೋಸುಕಾಗದದ ಗತಿಯೂ ಇದೇ. ಈ ತೊಡಕನ್ನು ಕಳೆಯಲು ಅಲ್ಲಿ ಹಿಟ್ಟಿನಂತಹ ಒಂದು ಬಗೆಯ ಮಣ್ಣನ್ನು ಉಪಯೋಗಿಸುವರು. ಅದೇ ಜಾತಿಯ ಮಣ್ಣನ್ನು ಧಾನ್ಯದ ಹುಳುಗಳನ್ನು ಕೊಲ್ಲುವುದಕ್ಕೂ ಬಳಸುವುದರಿಂದ, ಅದರ ಗುಣದೋಷಗಳನ್ನು ಜಮೀನುದಾರರೂ ಗ್ರಾಮದ ಮುಖಂಡರೂ ತಿಳಿದಿರುವುದು ಅವಶ್ಯಕ.

ಇದಕ್ಕೆ ಡಯಾಟಮ್ ಮಣ್ಣೆಂದು ಹೆಸರು. ಜರ್ಮನರು ಕೀಸೆಲ್ಗುರ್ ಎನ್ನುವರು. ಡಯಾಟಮ್ ಎಂಬುದು ನೀರಿನಲ್ಲಿ ಬೆಳೆಯುವ ಏಕಕೋಶದ ಪಾಚಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಈ ಸಸ್ಯವು ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿ, ತನ್ನ ಸುತ್ತಲೂ ಜರಡಿಯಂತೆ ರಂಧ್ರಗಳುಳ್ಳ ಚಿಪ್ಪನ್ನು ಕಟ್ಟಿಕೊಳ್ಳುವುದು. ಪಾಚಿ ಸತ್ತು ಕೊಳೆತರೂ ಚಿಪ್ಪು ಉಳಿದು, ಲಕ್ಷಾಂತರ ವರ್ಷಗಳಲ್ಲಿ ಕೆರೆ ಕಡಲುಗಳ ತಳದಲ್ಲಿ ಪದರಪದರವಾಗಿ ಶೇಖರವಾಗುವುದು. ಜರ್ಮನಿಯ ಲ್ಯೂನೆಬರ್ಗ್ ಪ್ರದೇಶದಲ್ಲಿಯೂ ಅಮೆರಿಕದ ಕ್ಯಾಲಿಫೋರ್ನಿಯದ ಲೊಂಪೋಕ್ ಬಳಿಯಲ್ಲಿಯೂ ಇದರ ಹೆಸರಾಂತ ನಿಕ್ಷೇಪಗಳುಂಟು. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಎಂಬಾತನು ನೈಟ್ರೋಗ್ಲಿಸರಿನನ್ನು ಈ ಮಣ್ಣಿಗೆ ಹೀರಿಸಿ ಡೈನಮೈಟಿಗೆ ಹಕ್ಕುಪತ್ರ ಪಡೆದನು. ಬಂಡೆಯನ್ನು ಸಿಡಿಸುವ ಮದ್ದನ್ನು ಹಿಡಿದಿಟ್ಟುದೂ ರಸವನ್ನು ತಿಳಿಗೊಳಿಸುವುದೂ ಒಂದೇ ಗುಣ. ಈ ಮಣ್ಣಿನ ಗಾತ್ರದಲ್ಲಿ ಬಹುಭಾಗವು ಬರಿದಾದ ಸಂದುಗಳೇ ಆಗಿವೆ.

ಸೋಸುವ ಕ್ರಮವು ಹೀಗಿದೆ. ಬುಖ್ನರ್ ಆಲಿಕೆಯಲ್ಲಿ ಕಾಗದವನ್ನು ಹಾಸಿ, ಮಣ್ಣನ್ನು ನೀರಿನಲ್ಲಿ ಕದಡಿ ಸುರಿದು, ಕೆಳಗಿನಿಂದ ಗಾಳಿಯನ್ನು ಎಳೆದರೆ ಕಾಗದದ ಮೇಲೆ ಸಮನಾದ ಹಾಸು ಕೂರುವುದು. ಆ ನೀರನ್ನು ಚೆಲ್ಲಿ, ಸೋಸಬೇಕಾದ ದ್ರವಕ್ಕೂ ಸ್ವಲ್ಪ ಮಣ್ಣನ್ನು ಬೆರೆಸಿ ಮೆಲ್ಲನೆ ಹೊಯ್ಯತಕ್ಕದ್ದು. ಭರದಿಂದ ಹೊಯ್ದರೆ ಹಾಸಿನಲ್ಲಿ ಗುಳಿ ಬಿದ್ದು, ಕಸವು ಆ ದಾರಿಯಲ್ಲಿ ಇಳಿದುಹೋಗುವುದು. ದ್ರವಕ್ಕೆ ಬೆರೆಸಿದ ಮಣ್ಣಿನ ಪಾತ್ರವೇ ಇಲ್ಲಿ ಮುಖ್ಯವಾದುದು. ಗಟ್ಟಿಯಾದ ಚಿಪ್ಪುಗಳು ಲೋಳೆಯ ಕಣಗಳ ನಡುವೆ ಸೇರಿ ಅವು ಒಂದಕ್ಕೊಂದು ಅಂಟದಂತೆ ತಡೆಯುವುವು. ಹೀಗಾಗಿ ಕಸ ಏರಿದಂತೆಲ್ಲ ಹೊಸ ಕಾಲುವೆಗಳೂ ಏರುತ್ತ ಹೋಗುವುವು. ಮೊದಲು ಬಂದ ದ್ರವವು ಕದಡಿದ್ದರೆ ಅದನ್ನು ತಿರುಗಿ ಮೇಲೆಯೇ ಹೊಯ್ಯುವರು. ಕರಗಿರುವ ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಈ ಮಣ್ಣು ತಡೆಯುವುದಿಲ್ಲ. ಪೋಲಾರಿಮೀಟರಿನಿಂದ ಸಕ್ಕರೆಯನ್ನು ಅಳೆಯುವಾಗ ಬೆಳಕು ದ್ರವದ ಮೂಲಕ ಹಾಯಬೇಕಾದ್ದರಿಂದ, ರಸವು ತಿಳಿಯಾಗದೆ ಅಂಕಿಯನ್ನು ನಂಬುವಂತಿಲ್ಲ.

ಕಾಗದದ ಮೇಲೆ ಉಳಿಯುವ ಗಷ್ಟನ್ನೇ ತೂಗಬೇಕಾದಲ್ಲಿ ಈ ಮಣ್ಣು ಸಲ್ಲದು, ಎರಡನ್ನೂ ಬೇರ್ಪಡಿಸಲಾಗದು. ಮಣ್ಣಿನಲ್ಲಿ ಕಬ್ಬಿಣ, ಸುಣ್ಣ ಮುಂತಾದುವು ಅಲ್ಪಸ್ವಲ್ಪ ಇರಬಹುದಾದ್ದರಿಂದ, ಸೂಕ್ಷ್ಮ ಪರೀಕ್ಷೆಗಳಿಗೆ ಆಮ್ಲದಲ್ಲಿ ತೊಳೆದುದನ್ನೇ ಆರಿಸುವರು. ಬರಿಯ ನೀರನ್ನೂ ಅದೇ ಮಣ್ಣಿನಲ್ಲಿ ಸೋಸಿ ನೋಡಿ, ಬಂದ ಅಂಕಿಯನ್ನು ಕಳೆಯುವರು.

ಇನ್ನು ಕಣಜದ ವಿಷಯ. ಅವರೆ ಹುರುಳಿಗಳಿಗೆ ಬೂದಿ ಬೆರೆಸುವುದೂ ತೊಗರಿಗೆ ಕೆಮ್ಮಣ್ಣು ಕಟ್ಟುವುದೂ ನಮ್ಮ ಸೀಮೆಯ ಹಳೆಯ ವಾಡಿಕೆಗಳು. ಡಯಾಟಮ್ ಮಣ್ಣಿನ ಕೆಲಸವೂ ಇವುಗಳಿಗೆ ಹತ್ತಿರವಾದುದೇ. ಅದು ಹುಳುವಿನ ಮೈಮೇಲಿನ ಮೇಣದ ಲೇಪವನ್ನು ಹೀರಿ ಕೆರೆಯುವುದರಿಂದ, ಹುಳುವು ಮೈಯ ನೀರನ್ನು ಕಳೆದುಕೊಂಡು ಒಣಗಿ ಸಾಯುವುದು. ಧಾನ್ಯವು ಚೆನ್ನಾಗಿ ಒಣಗಿರದಿದ್ದರೆ ಈ ಗುಣವು ಕುಗ್ಗುವುದು. ಕಾಳಿನೊಳಗೆ ಅಡಗಿರುವ ಮರಿಹುಳುವಿಗೆ ಅದು ತಗಲದು. ಧಾನ್ಯದ ಜಾರುವಿಕೆಯು ಕಡಿಮೆಯಾಗಿ, ಒಂದು ಅಳತೆಯಲ್ಲಿ ಹಿಡಿಯುವ ತೂಕವೂ ಇಳಿಯುವುದು. ಮಾರುವ ಧಾನ್ಯಕ್ಕೆ ಬೆರೆಸುವ ಮೊದಲು ಇದನ್ನು ಲೆಕ್ಕ ಹಾಕತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಭೇದವೊಂದನ್ನು ಹೇಳಬೇಕಾಗಿದೆ. ಸೋಸುವುದಕ್ಕಾಗಿ ತಯಾರಿಸುವ ಮಣ್ಣನ್ನು ಬಹುಮಟ್ಟಿಗೆ ಕುಲುಮೆಯಲ್ಲಿ ಸುಟ್ಟಿರುವರು; ಕೆಲವನ್ನು ಸೋಡಾ ಬೆರೆಸಿ ಸುಡುವರು. ಹಾಗೆ ಸುಟ್ಟಾಗ ಸಿಲಿಕಾದ ಒಂದು ಭಾಗವು ಕ್ರಿಸ್ಟೊಬಲೈಟ್ ಎಂಬ ಸ್ಫಟಿಕರೂಪವನ್ನು ತಾಳುವುದು. ಅದರ ಧೂಳನ್ನು ಬಹುಕಾಲ ಉಸಿರಾಡಿದರೆ ಶ್ವಾಸಕೋಶವು ಗಡುಸಾಗುವ ಸಿಲಿಕೋಸಿಸ್ ರೋಗವು ಬರಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ, ಕೆಲಸದ ಸ್ಥಳಗಳಲ್ಲಿ ಉಸಿರಿನೊಡನೆ ಒಳಹೋಗುವ ಇಂತಹ ಸಿಲಿಕಾವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವರ್ಗಕ್ಕೆ ಸೇರಿಸಿತು. ಆದುದರಿಂದ ಪ್ರಯೋಗಶಾಲೆಗೆಂದೂ ಈಜುಕೊಳದ ನೀರಿಗೆಂದೂ ಮಾರುವ ಪುಡಿಯನ್ನು, ಬೆಲೆ ಅಗ್ಗವಾಯಿತೆಂದು ಧಾನ್ಯಕ್ಕೆ ಬೆರೆಸಲೇ ಕೂಡದು.

ಬಣ್ಣವನ್ನು ನೋಡಿ ನಿರ್ಧರಿಸುವುದೂ ಸರಿಯಲ್ಲ. ಸೋಡಾ ಬೆರೆಸಿ ಸುಟ್ಟುದೇ ಹೆಚ್ಚು ಬೆಳ್ಳಗೆ, ಹೆಚ್ಚು ಶುದ್ಧವೆಂಬಂತೆ ಕಾಣುವುದು. ಚೀಲದ ಮೇಲೆ ಸುಡದ ಮಣ್ಣೆಂದೂ, ಧಾನ್ಯಕ್ಕೆ ಬೆರೆಸಲು ಅನುಮತಿ ಪಡೆದುದೆಂದೂ, ಬೆರೆಸತಕ್ಕ ಪ್ರಮಾಣವು ಇಷ್ಟೆಂದೂ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳತಕ್ಕದ್ದು. ಸುಡದ ಮಣ್ಣಾದರೂ ಧೂಳು ಧೂಳೇ. ಬೆರೆಸುವ ಆಳುಗಳಿಗೆ ಮೂಗುಬಾಯಿಗಳನ್ನು ಮುಚ್ಚುವ, ಧೂಳನ್ನು ತಡೆಯುವ ಮುಸುಕನ್ನು ಜಮೀನುದಾರರೇ ಒದಗಿಸಿ, ಮುಚ್ಚಿದ ಕೋಣೆಯಲ್ಲಿ ಬೆರೆಸದೆ ಗಾಳಿಯಾಡುವ ಕಣದಲ್ಲಿ ಬೆರೆಸಬೇಕು.